ರಾಮದುರ್ಗ ದುರಂತ: 7 ಏಪ್ರಿಲ್ 1939

ರಾಮದುರ್ಗ ಆಗ ಭಾವೆ ಮನೆತನ ಆಳುತ್ತಿದ್ದ ಪುಟ್ಟ ಸಂಸ್ಥಾನ. ತೆರಿಗೆ ಇಳಿಸಿ, ಆಡಳಿತದಲ್ಲಿ ಪಾಲು ಕೊಡಿ ಎಂದು ಪ್ರಜಾಸಂಘ ಕೇಳುತ್ತಿತ್ತು. ದರಬಾರು ಮುಖಂಡರನ್ನು ಹಿಡಿದು ಸೆರೆಗೆ ಹಾಕಿದ್ದೇ ತಡ, ಸುತ್ತಲಿನ ಹಳ್ಳಿಗಳ ಜನ ಹರಿದುಬಂದು ಜೈಲಿಗೆ ಮುತ್ತಿಗೆ ಹಾಕಿದರು. ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕ ಪೊಲೀಸರು ಹತರಾದರು.

ಆಮೇಲೆ ಬಂಧನ, ಮೊಕದ್ದಮೆ, ಗಲ್ಲು. ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಗುಂಪಿನ ಹಿಂಸೆಯನ್ನು ಖಂಡಿಸಿದರು. ಗಲ್ಲಿಗೇರಿದವರನ್ನು ಹುತಾತ್ಮರೆಂದು ನೆನೆಯುವಾಗ ಸತ್ತ ಪೊಲೀಸರನ್ನು ಮರೆಯುವುದು ಅರ್ಧ ಇತಿಹಾಸ. ಅರಸೊತ್ತಿಗೆಯ ಹಠವನ್ನು ಮುಚ್ಚಿಡುವುದೂ ಅಷ್ಟೇ.

ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ರಾಮದುರ್ಗ ಮೈಸೂರು ರಾಜ್ಯಕ್ಕೆ ಸೇರಿತು.