ಹಳೆಯ ಸ್ಮರಣ ಸಂಚಿಕೆಯ ಸ್ಕ್ಯಾನ್: ಚಿತ್ರದ ಮೇಲೆ ಅಲೆಗೆರೆ ಬಂದರೆ

1981ರ ಶ್ರವಣಬೆಳಗೊಳ ಮಹಾಮಸ್ತಕಾಭಿಷೇಕದ ಕಾಲದ ಸಂಚಿಕೆ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವಾಗ ಮುದ್ರಣದಲ್ಲಿಲ್ಲದ ಅಲೆಯಂಥ ಗೆರೆಗಳು ಸ್ವಾಮಿಯ ಮೂರ್ತಿಯ ಮೇಲೆ ಮೂಡುವುದುಂಟು. ಇದಕ್ಕೆ ಮ್ವಾರೆ ಎಂದು ಹೆಸರು. ಮುದ್ರಿತ ಚಿತ್ರವೆಂದರೆ ಸಣ್ಣ ಚುಕ್ಕೆಗಳ ಸಾಲು. ಆ ಸಾಲಿಗೂ ಸ್ಕ್ಯಾನರ್ ಓದುವ ಬಿಂದುಗಳ ಸಾಲಿಗೂ ತಾಳೆಯಾಗದಿದ್ದಾಗ ಗೆರೆ ಹುಟ್ಟುತ್ತದೆ. ಯಂತ್ರ ಕೆಟ್ಟಿದೆ ಎಂದಲ್ಲ.

ಸ್ಕ್ಯಾನರಿನಲ್ಲಿ ‘ಡಿಸ್ಕ್ರೀನ್’ ಆಯ್ಕೆ ಇದ್ದರೆ ಮೊದಲು ಅದನ್ನೇ ಬಳಸಬೇಕು. ಇಲ್ಲವಾದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚಿತ್ರವನ್ನು ತುಸು ಮಸುಕುಗೊಳಿಸಿ, ಆಮೇಲೆ 300ಕ್ಕೆ ಇಳಿಸಬೇಕು. ಕ್ರಮ ತಪ್ಪಬಾರದು, ಮೊದಲೇ ಕುಗ್ಗಿಸಿದರೆ ಗೆರೆ ಚಿತ್ರದಲ್ಲೇ ಬೆರೆತುಹೋಗುತ್ತದೆ, ಮತ್ತೆ ತೆಗೆಯುವುದು ಕಷ್ಟ. ಪುಟವನ್ನು ಸ್ವಲ್ಪ ಓರೆಯಾಗಿ ಇಡುವುದೂ ಕೆಲವೊಮ್ಮೆ ಫಲ ಕೊಡುತ್ತದೆ. ಬರಹದ ಪುಟಗಳಿಗೆ ಮಾತ್ರ ಡಿಸ್ಕ್ರೀನ್ ಬೇಡ, ಒತ್ತಕ್ಷರಗಳು ಮಸುಕಾಗುತ್ತವೆ.

ಹಿಂಬದಿಯ ಅಕ್ಷರ ಇಣುಕಿದರೆ ಪುಟದ ಹಿಂದೆ ಕಪ್ಪು ಕಾಗದ ಇಟ್ಟರೆ ಸಾಕು.

ಕಲಶ ಹಿಡಿದು ನಿಂತ ಅಜ್ಜಿಯ ಒಂದೇ ಚಿತ್ರ ಇಂಥ ಸಂಚಿಕೆಯಲ್ಲಿ ಉಳಿದಿರುವ ಮನೆಗಳಿವೆ. ಸ್ಕ್ಯಾನ್ ಆಯಿತೆಂದು ಅದನ್ನು ರದ್ದಿಗೆ ಹಾಕಬಾರದು. ಆಲ್ಬಮ್ಮಿನಲ್ಲಿ ಅದೇ ಫೋಟೊದ ಮೂಲ ಪ್ರತಿ ಸಿಕ್ಕರೆ ಅದನ್ನೇ ಸ್ಕ್ಯಾನ್ ಮಾಡುವುದು ಲೇಸು. ಅದರಲ್ಲಿ ಮುದ್ರಣದ ಚುಕ್ಕೆಗಳೇ ಇರುವುದಿಲ್ಲ.