ಹೇಂಟೆ ಕೂಗಿದಾಗ



ನಿಮ್ಮ ಊರು ರಾಯದುರ್ಗದ ಕಡೆ ಇರಲಿ, ಮಡಕಶಿರದ ಕಡೆ ಇರಲಿ, ಹಿತ್ತಿಲ ಕೋಳಿ ಎರಡು ಭಾಷೆಗೂ ಸೇರಿದ್ದು. ನೀವು ಹುಂಜ ಎಂದರೆ ಪಕ್ಕದ ಮನೆಯವರು ಪುಂಜು ಎನ್ನುತ್ತಾರೆ. ನಮ್ಮ ಕೂಗು ತೆಲುಗಿನಲ್ಲಿ ಕೂತ. 2022ರಲ್ಲಿ ಮಡಕಶಿರ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು; ಕೋಳಿಗಳಿಗೆ ಅದರ ಸುದ್ದಿ ಮುಟ್ಟಿಲ್ಲ.

ಎರಡು ಭಾಷೆಯವರಿಗೂ ಒಂದೇ ಆದ ಭಯವೂ ಒಂದುಂಟು. ಹೇಂಟೆ ಕೂಗಿದರೆ ಮನೆಗೆ ಕೇಡು ಎನ್ನುತ್ತಾರೆ. ಕೂಗಿದ ದಿನವೇ ಅದನ್ನು ಕೊಯ್ದುಬಿಡುವವರಿದ್ದಾರೆ. ಹೆಣ್ಣುಮಗಳು ದನಿಯೆತ್ತಿ ಮಾತಾಡಿದರೆ ಇದೇ ಕೋಳಿಯ ಮಾತು ತೆಗೆದು ಬಾಯಿ ಮುಚ್ಚಿಸುವವರೂ ಇದ್ದಾರೆ. ಆ ಕೂಗಿನ ಮೂಲವನ್ನು ಮನುಷ್ಯ ಹುಡುಕಿದ ಚರಿತ್ರೆಯನ್ನು ಇಂದು ಕೇಳಿ.

ಈ ಭಯ ನಮ್ಮದೊಂದೇ ಅಲ್ಲ. ಇಂದಿನ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1474ರಲ್ಲಿ ಒಂದು ಹುಂಜ ಮೊಟ್ಟೆಯಿಟ್ಟಿತೆಂದು ವಿಚಾರಣೆ ನಡೆಸಿ, ಅದನ್ನು ಸುಟ್ಟುಹಾಕಿದರು. ಕಾರಣ ತಿಳಿಯದ ಕಡೆ ಶಿಕ್ಷೆ ಮುಂದಾಗುತ್ತದೆ.

ಕಾರಣದ ಕಡೆಗೆ ಮೊದಲ ಹೆಜ್ಜೆ ಬಿದ್ದದ್ದು 1849ರಲ್ಲಿ. ಜರ್ಮನಿಯ ಗಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಆರು ಎಳೆ ಹುಂಜಗಳ ಮೇಲೆ ಪ್ರಯೋಗ ಮಾಡಿದರು. ವೃಷಣಗಳನ್ನು ಪೂರ್ತಿ ತೆಗೆದ ಹುಂಜಗಳು ಗಂಡು ಕೂಗು ಕಲಿಯಲಿಲ್ಲ, ಜಗಳಕ್ಕೆ ಹೋಗಲಿಲ್ಲ, ಜುಟ್ಟೂ ಬೆಳೆಯಲಿಲ್ಲ. ಇನ್ನು ಕೆಲವಕ್ಕೆ ವೃಷಣವನ್ನು ಬಿಡಿಸಿ, ಮತ್ತೆ ಹೊಟ್ಟೆಯೊಳಗೇ ಇಟ್ಟು ಹೊಲಿದರು. ಹಳೆಯ ನರಗಳ ಸಂಬಂಧ ಕಡಿದುಹೋಗಿದ್ದರೂ ಅವು ಚೆನ್ನಾಗಿಯೇ ಕೂಗಿದವು. ಹಾಗಾದರೆ ವೃಷಣದಿಂದ ಏನೋ ಒಂದು ರಕ್ತದಲ್ಲಿ ಹರಿದು ಮೈಯೆಲ್ಲ ಮುಟ್ಟುತ್ತಿರಬೇಕು ಎಂದು ಬರ್ಟೋಲ್ಡ್ ಬರೆದರು. ನಮ್ಮ ರೈತರಿಗೆ ಇದು ಹೊಸದೇನಲ್ಲ. ಬೀಜ ಒಡೆಸಿದ ಎತ್ತು ಗೂಳಿಯಂತೆ ಗುಟುರು ಹಾಕುವುದಿಲ್ಲ.

ರಕ್ತದಲ್ಲಿ ಹರಿಯುವ ಇಂಥ ರಸಗಳಿಗೆ 1905ರಲ್ಲಿ ಹಾರ್ಮೋನು ಎಂಬ ಹೆಸರು ಬಂತು. 1935ರಲ್ಲಿ ಆಮ್‌ಸ್ಟರ್‌ಡಾಮಿನ ವಿಜ್ಞಾನಿಗಳು ಹೋರಿಯ ವೃಷಣಗಳಿಂದಲೇ ಗಂಡು ಹಾರ್ಮೋನನ್ನು ಬೇರ್ಪಡಿಸಿದರು. ಅದೇ ಟೆಸ್ಟೊಸ್ಟಿರೋನ್.

ಅಷ್ಟರಲ್ಲಿ ಕೂಗುವ ಹೇಂಟೆಯ ಗುಟ್ಟೂ ಹೊರಬಿದ್ದಿತ್ತು. ಎಡಿನ್‌ಬರೋದ ಎಫ್. ಎ. ಇ. ಕ್ರ್ಯೂ ಎಂಬವರು 1923ರಲ್ಲಿ ಒಂದು ಕೋಳಿಯ ಕಥೆ ಪ್ರಕಟಿಸಿದರು. ಮೊಟ್ಟೆಯಿಟ್ಟು ಮರಿ ಮಾಡಿದ್ದ ಹೇಂಟೆ ಅದು. ಬರಬರುತ್ತ ಹುಂಜದಂತೆ ಕೂಗಿತು; ಕೊನೆಗೆ ಎರಡು ಮರಿಗಳಿಗೆ ತಂದೆಯೂ ಆಯಿತು. ಕೊಯ್ದು ನೋಡಿದಾಗ ಅದರ ಅಂಡಾಶಯವನ್ನು ಕ್ಷಯರೋಗ ತಿಂದುಹಾಕಿತ್ತು. ಕೋಳಿಗೆ ಬೆಳೆಯುವುದು ಎಡಗಡೆಯ ಅಂಡಾಶಯ ಮಾತ್ರ. ಅದು ಕೆಟ್ಟರೆ, ಬಲಗಡೆ ಬೆಳೆಯದೆ ಉಳಿದಿದ್ದ ಅಂಗ ಕೆಲವೊಮ್ಮೆ ವೃಷಣದಂತಾಗಿ ಗಂಡು ಹಾರ್ಮೋನನ್ನು ಸುರಿಸುತ್ತದೆ.

ಆದರೆ ಹಾರ್ಮೋನು ಹೋಗಿ ತಟ್ಟುವುದು ಗಂಟಲಿಗೆ ಮಾತ್ರವೇ? ಅಲ್ಲ, ಮಿದುಳಿಗೂ ತಟ್ಟುತ್ತದೆ. 1976ರಲ್ಲಿ ಅಮೆರಿಕದ ಫರ್ನಾಂಡೊ ನಾಟ್‌ಬಾಮ್ ಮತ್ತು ಆರ್ಥರ್ ಆರ್ನಾಲ್ಡ್, ಹಾಡುವ ಕೆನರಿ ಹಕ್ಕಿಗಳ ಮಿದುಳನ್ನು ಅಳೆದರು. ಹಾಡನ್ನು ನಡೆಸುವ ಭಾಗಗಳು ಹೆಣ್ಣಿಗಿಂತ ಗಂಡಿನಲ್ಲಿ ಬಹಳ ದೊಡ್ಡವು. ಮುಂದೆ ಹೆಣ್ಣು ಕೆನರಿಗೆ ಟೆಸ್ಟೊಸ್ಟಿರೋನ್ ಕೊಟ್ಟಾಗ ಅದೂ ಹಾಡಿತು. ಮಿದುಳಿನ ಆ ಭಾಗವೂ ಬೆಳೆಯಿತು. 1988ರಲ್ಲಿ ಫ್ರಾನ್ಸಿನ ಪ್ರಯೋಗಶಾಲೆಯಲ್ಲಿ, ಮೊಟ್ಟೆಯೊಳಗಿನ ಕೋಳಿಮರಿಗೆ ಲಾವಕ್ಕಿಯ ಎಳೆ ಮಿದುಳಿನ ತುಣುಕನ್ನು ಕಸಿ ಮಾಡಿದರು. ಮರಿ ಹೊರಬಂದ ಮೇಲೆ ಹಾರ್ಮೋನು ಕೊಟ್ಟರು. ಅಂಥ ಮರಿಗಳಲ್ಲಿ ಕೆಲವು ಲಾವಕ್ಕಿಯ ಧಾಟಿಯಲ್ಲಿ ಕೂಗಿದವು! ಕೂಗಿನ ಧಾಟಿ ಇರುವುದು ಮಿದುಳಿನ ನರಗಳ ಹೆಣಿಗೆಯಲ್ಲಿ. ಅದನ್ನು ಎಬ್ಬಿಸುವುದು ಹಾರ್ಮೋನು.

ಕೋಳಿಯ ಹೆಣ್ಣು ಮರಿಗೂ ಈ ಹಾರ್ಮೋನು ಕೊಟ್ಟರೆ ಅದು ಕೂಗುತ್ತದೆ. ಅಂದರೆ ಆ ಕೂಗಿನ ದಾರಿ ಹೇಂಟೆಯ ತಲೆಯಲ್ಲೂ ಹುಟ್ಟಿನಿಂದಲೇ ಇದೆ. ಅದು ಹೊರಗಿನಿಂದ ಬಂದ ಪೀಡೆಯಲ್ಲ.

ಆದ್ದರಿಂದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೇಂಟೆ ಎಂದಾದರೂ ಕೂಗಿದರೆ ಕತ್ತಿ ಹುಡುಕಬೇಡಿ. ಒಳಗೆ ರೋಗವಿರಬಹುದು, ಉಳಿದ ಕೋಳಿಗಳಿಂದ ಬೇರೆ ಇರಿಸಿ, ಪಶು ಆಸ್ಪತ್ರೆಗೆ ತೋರಿಸಿ. ಮನೆಯ ಹೆಣ್ಣುಮಗಳು ದನಿಯೆತ್ತಿದರೆ ಕೋಳಿಯ ಮಾತನ್ನು ನಡುವೆ ತರಬೇಡಿ. ಅವಳು ಏನು ಹೇಳುತ್ತಿದ್ದಾಳೆ ಎಂದು ಕೇಳಿ.