ಹುದೈಬಿಯಾ ಸಂಧಾನ: ವಿದ್ವಾಂಸರ ಹಲವು ನೋಟಗಳು

ಹಿಜರಿ 6ರಲ್ಲಿ (ಕ್ರಿ.ಶ. 628) ಪ್ರವಾದಿ ಮುಹಮ್ಮದ್(ಸ) ಸುಮಾರು 1400 ಸಂಗಾತಿಗಳೊಡನೆ ಉಮ್ರಾ ನಿರ್ವಹಿಸಲು ಹೊರಟರು. ಕುರೈಶರು ಮಕ್ಕಾ ಪ್ರವೇಶವನ್ನು ನಿರಾಕರಿಸಿದ್ದರಿಂದ ಹುದೈಬಿಯಾದಲ್ಲಿ ಬೀಡುಬಿಡಬೇಕಾಯಿತು. ಅಲ್ಲಿ ಕುರೈಶರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್‌ನೊಂದಿಗೆ ನಡೆದ ಮಾತುಕತೆಯನ್ನು ವಿದ್ವಾಂಸರು ಒಂದೇ ಬಗೆಯಲ್ಲಿ ಅರ್ಥೈಸಿಲ್ಲ.

ಇಬ್ನ್ ಇಸ್ಹಾಕರಂತಹ ಚರಿತ್ರೆಕಾರರ ಲಕ್ಷ್ಯವಿರುವುದು ಮಾತುಕತೆ ನಡೆದ ರೀತಿಯ ಮೇಲೆ. ‘ಅಲ್ಲಾಹನ ಸಂದೇಶವಾಹಕ’ ಎಂಬ ಪದಕ್ಕೆ ಸುಹೈಲ್ ಆಕ್ಷೇಪವೆತ್ತಿದಾಗ ‘ಅಬ್ದುಲ್ಲಾಹರ ಪುತ್ರ ಮುಹಮ್ಮದ್’ ಎಂದು ಬರೆಸಲಾಯಿತು. ಆ ವರ್ಷ ಉಮ್ರಾ ಇಲ್ಲದೆ ಮರಳುವುದು, ಕುರೈಶರಿಂದ ಓಡಿಬಂದವರನ್ನು ಹಿಂದಿರುಗಿಸುವುದು ಮುಂತಾದ ಷರತ್ತುಗಳು ಉಮರ್(ರ)ರನ್ನೂ ಕಂಗೆಡಿಸಿದವು.

ಕರ್ಮಶಾಸ್ತ್ರಜ್ಞರಿಗೆ ಬೇಕಾದುದು ಅವಧಿ. ಕದನವಿರಾಮ 10 ವರ್ಷಗಳದ್ದಾಗಿತ್ತು. ಅದನ್ನು ಮೀರುವಂತಿಲ್ಲವೆಂದು ಇಮಾಮ್ ಶಾಫಿಈ ಅಭಿಪ್ರಾಯಪಟ್ಟರೆ, ಹನಫಿಗಳು ಸಮುದಾಯದ ಹಿತವನ್ನು ಮಾನದಂಡವಾಗಿಸಿದರು. ಈ ಚರ್ಚೆ ಮೌಲಿಕವಾದುದೇ, ಆದರೆ ಇದರಲ್ಲಿ ಮಾತನಾಡಿದ ಮನುಷ್ಯರು ಕಾಣಿಸುವುದಿಲ್ಲ.

ಆಧುನಿಕರಲ್ಲಿ ಡಾ. ಮುಹಮ್ಮದ್ ಹಮೀದುಲ್ಲಾಹ್ ಇದನ್ನು ರಾಜತಾಂತ್ರಿಕ ದೃಷ್ಟಿಯಿಂದ ವಿವೇಚಿಸಿದರು. ಮದೀನಾದ ಉತ್ತರಕ್ಕೆ ಖೈಬರ್, ದಕ್ಷಿಣಕ್ಕೆ ಮಕ್ಕಾ. ಎರಡೂ ವಿರೋಧಿಗಳೇ ಆಗಿದ್ದಾಗ ಒಬ್ಬರೊಡನೆಯಾದರೂ ಶಾಂತಿ ಅಗತ್ಯವಾಗಿತ್ತು. 1981ರಲ್ಲಿ ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ ತಮ್ಮ ಸಂಧಾನಶಾಸ್ತ್ರದ ಗ್ರಂಥದಲ್ಲಿ, ಹಿಡಿದ ಪಟ್ಟಿಗಿಂತ ಅದರ ಹಿಂದಿನ ಹಿತಾಸಕ್ತಿಯನ್ನು ನೋಡಬೇಕೆಂದರು. ಆ ಅಳತೆಯಿಂದ ನೋಡಿದರೂ ಇಲ್ಲಿ ಬಿಟ್ಟುಕೊಟ್ಟದ್ದು ಪದಗಳನ್ನು, ಪಡೆದದ್ದು ಶಾಂತಿಯನ್ನು.

ಆದರೆ ಎಲ್ಲವನ್ನೂ ಜಾಣತನದ ಲೆಕ್ಕಾಚಾರವೆಂದು ಬಣ್ಣಿಸುವುದನ್ನು ನಾವು ಒಪ್ಪಲಾರೆವು. ಒಪ್ಪಂದ ಬರೆಯುತ್ತಿದ್ದಾಗಲೇ ಸುಹೈಲನ ಸ್ವಂತ ಮಗ ಅಬೂ ಜಂದಲ್(ರ) ಸಂಕೋಲೆಗಳನ್ನು ಎಳೆದುಕೊಂಡು ಮುಸ್ಲಿಮರ ಆಶ್ರಯಕ್ಕೆ ಬಂದರು. ಸುಹೈಲ್ ಷರತ್ತನ್ನು ನೆನಪಿಸಿದ. ಪ್ರವಾದಿ(ಸ) ಆ ಯುವಕನನ್ನು ಬಿಟ್ಟುಕೊಡುವಂತೆ ಕೇಳಿಕೊಂಡರು, ಸುಹೈಲ್ ಒಪ್ಪಲಿಲ್ಲ. ತಾಳ್ಮೆಯಿಂದಿರಲು ಹೇಳಿ ಅವರನ್ನು ಹಿಂದೆ ಕಳುಹಿಸಲಾಯಿತು. ಕೊಟ್ಟ ಮಾತಿಗೆ ತೆತ್ತ ಈ ಬೆಲೆಯನ್ನು ಯಾವ ಸಂಧಾನ ಸಿದ್ಧಾಂತದ ಲೆಕ್ಕಕ್ಕೆ ಸೇರಿಸುವುದು? ಅಂದು ಅಲ್ಲಿ ನೆರೆದಿದ್ದವರಿಗೆ ಕಂಡದ್ದು ಸಂಕೋಲೆ ಮಾತ್ರ.

ತರುವಾಯ ಅಬೂ ಬಸೀರ್(ರ) ಮಕ್ಕಾದಿಂದ ತಪ್ಪಿಸಿಕೊಂಡು ಮದೀನಾಕ್ಕೆ ಬಂದಾಗಲೂ ಷರತ್ತಿನಂತೆ ಅವರನ್ನು ಒಪ್ಪಿಸಲಾಯಿತು. ದಾರಿಯಲ್ಲಿ ಬಿಡಿಸಿಕೊಂಡ ಅವರು ಕಡಲತೀರದಲ್ಲಿ ನೆಲೆಸಿದರು. ಅಬೂ ಜಂದಲ್(ರ) ಮತ್ತಿತರರು ಅಲ್ಲಿಗೇ ಹೋಗಿ ಸೇರಿಕೊಂಡರು. ಕುರೈಶರ ವರ್ತಕ ತಂಡಗಳಿಗೆ ಆ ಹಾದಿ ದುಸ್ತರವಾಯಿತು. ಕೊನೆಗೆ, ಓಡಿಬಂದವರನ್ನು ತಾವೇ ಮದೀನಾದಲ್ಲಿ ಇರಿಸಿಕೊಳ್ಳಬೇಕೆಂದು ಪ್ರವಾದಿ(ಸ)ರಲ್ಲಿ ಬೇಡಿಕೊಂಡವರು ಕುರೈಶರೇ.